ಒಂದು ಮಗುವಿಗಾದರೂ ಓದು ಕಲಿಸದೆ ಡಿ.ಎಡ್. ಮುಗಿಯಬಾರದು

2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಬಿ.ಎಡ್. ಮಾಡಿದವರು 1ರಿಂದ 5ನೇ ತರಗತಿಗೆ ಶಿಕ್ಷಕರಾಗುವ ಹಾಗಿಲ್ಲ, ಅದಕ್ಕೆ ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ ಆದ ಡಿ.ಎಡ್. (ಈಗಿನ ಹೆಸರು ಡಿ.ಇಎಲ್.ಇಡಿ.) ಆಗಿರಬೇಕು ಅಂತ. 2018ರಲ್ಲಿ ಎನ್‌ಸಿಟಿಇ (ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿ) ಬಿ.ಎಡ್.ನವರಿಗೂ ಬಾಗಿಲು ತೆರೆದಿತ್ತು. ಕೆಲಸಕ್ಕೆ ಸೇರಿದ ಮೇಲೆ ಆರು ತಿಂಗಳ ಬ್ರಿಡ್ಜ್ ಕೋರ್ಸ್ ಮಾಡಿಕೊಂಡರೆ ಆಯಿತು ಅಂದಿತ್ತು. ಕೋರ್ಟ್ ಅದನ್ನು ಒಪ್ಪಲಿಲ್ಲ. ಚಿಕ್ಕ ಮಕ್ಕಳಿಗೆ ಕಲಿಸುವುದು ಬೇರೆಯದೇ ಕೆಲಸ, ಅದಕ್ಕೆ ಬೇರೆಯದೇ ತಯಾರಿ ಬೇಕು ಅನ್ನುವುದು ತೀರ್ಪಿನ ತಿರುಳು.

ಆ ದಿನಗಳಲ್ಲಿ ಶಿಕ್ಷಕರ ವಾಟ್ಸಾಪ್ ಗುಂಪುಗಳಲ್ಲಿ ಮಾತೆಲ್ಲ ಯಾರಿಗೆ ಕೆಲಸ ಸಿಗುತ್ತದೆ, ಯಾರಿಗೆ ತಪ್ಪಿತು ಅನ್ನುವುದರ ಸುತ್ತಲೇ ಇತ್ತು. ಅದು ಸಹಜ, ಹೊಟ್ಟೆಪಾಡಿನ ಪ್ರಶ್ನೆ. ಆದರೆ ನನಗೆ ಅವತ್ತಿನಿಂದ ಇವತ್ತಿನವರೆಗೆ ಕೊರೆಯುತ್ತಿರುವುದು ಇನ್ನೊಂದು ಪ್ರಶ್ನೆ. ಡಿ.ಎಡ್. ಆ ಬೇರೆ ತಯಾರಿಯನ್ನು ನಿಜವಾಗಿ ಕೊಡುತ್ತಿದೆಯಾ? ಅದರಲ್ಲೂ ಓದು ಕಲಿಸುವ ತಯಾರಿಯನ್ನು?

ನಾನು ಮೈಸೂರು ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ನಲಿ-ಕಲಿ ತರಗತಿ (1ರಿಂದ 3ನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಾರ್ಡುಗಳ ಮೂಲಕ ಕಲಿಯುವ ತರಗತಿ) ನೋಡಿಕೊಳ್ಳುವವಳು. ನಮ್ಮಲ್ಲಿಗೆ ಡಿ.ಎಡ್. ಪ್ರಶಿಕ್ಷಣಾರ್ಥಿಗಳು ಇಂಟರ್ನ್‌ಶಿಪ್‌ಗೆ ಬರುತ್ತಾರೆ. ಒಳ್ಳೆಯ ಹುಡುಗ ಹುಡುಗಿಯರು, ಮಕ್ಕಳೆಂದರೆ ಪ್ರೀತಿ ಇರುವವರು. ಪಾಠಯೋಜನೆ ಅಚ್ಚುಕಟ್ಟಾಗಿ ಬರೆಯುತ್ತಾರೆ, ಬಣ್ಣಬಣ್ಣದ ಚಾರ್ಟ್ ಮಾಡುತ್ತಾರೆ, ಫ್ಲ್ಯಾಶ್ ಕಾರ್ಡ್ ಕತ್ತರಿಸಿ ತರುತ್ತಾರೆ. ಆದರೆ ಅವರು ಪಾಠ ಮಾಡುವುದು ನಾಲ್ಕನೇ, ಐದನೇ ತರಗತಿಯಲ್ಲಿ, ಯಾಕೆಂದರೆ ಬರೆದ ಯೋಜನೆಗೆ ಒಂದು ಪದ್ಯವೋ ಗದ್ಯವೋ ಬೇಕು, ಮೇಲ್ವಿಚಾರಕರು ಬಂದಾಗ ತೋರಿಸುವುದಕ್ಕೆ ಅದೇ ಸುಲಭ. ನಲಿ-ಕಲಿ ಕೋಣೆಗೆ ಬಂದರೆ ಒಂದು ಹಾಡು ಹೇಳಿಸಿ, ಒಂದು ಆಟ ಆಡಿಸಿ ಹೋಗುತ್ತಾರೆ. ಕಲಿಕೆಯ ಕಾರ್ಡು, ಹಂತ ತೋರಿಸುವ ಮೆಟ್ಟಿಲು, ಮಕ್ಕಳ ಗುಂಪು ಗುರುತಿಸುವ ತಟ್ಟೆ ನೋಡಿದರೆ ಗಾಬರಿಯಾಗುತ್ತಾರೆ.

ಅಂಥ ಒಬ್ಬ ಹುಡುಗಿಯನ್ನು ನಾನು ಕೇಳಿದೆ, "ಈ ಮಗು ಯಾಕೆ ಓದುತ್ತಿಲ್ಲ, ಪಕ್ಕದಲ್ಲಿ ಕೂತು ನೋಡಿ ಹೇಳಮ್ಮ" ಅಂತ. ಸ್ವಲ್ಪ ಹೊತ್ತು ಕೂತಿದ್ದಳು. "ಮನೆಯಲ್ಲಿ ಯಾರೂ ಓದಿಸಲ್ಲ ಅನ್ಸುತ್ತೆ ಮೇಡಂ" ಅಂದಳು. ಅವಳ ತಪ್ಪೇನೂ ಇಲ್ಲ. ಓದದ ಮಗುವಿನ ಪಕ್ಕ ಕೂತು ಏನನ್ನು ನೋಡಬೇಕು ಅಂತ ಅವಳಿಗೆ ಯಾರೂ ಕಲಿಸಿಲ್ಲ. ಆ ಮಗುವಿಗೆ ಮೂಲಾಕ್ಷರ ಎಲ್ಲ ಬರುತ್ತಿತ್ತು. ಕಾಗುಣಿತವನ್ನೂ ರಾಗವಾಗಿ ಹೇಳುತ್ತಿತ್ತು: ಕ ಇಳಿ ಕಾ, ಕ ಗುಡಿಸು ಕಿ, ಕ ಗುಡಿಸು ದೀರ್ಘ ಕೀ. ಆದರೆ ಸಾಲು ಬಿಟ್ಟು ನಡುವಿನ ಒಂದು 'ಗಿ' ತೋರಿಸಿದರೆ ಸುಮ್ನಾಗಿಬಿಡುತ್ತಿತ್ತು. ಅದಕ್ಕೆ ಬಂದಿದ್ದು ರಾಗ. ಗುಡಿಸು ಬಂದರೆ ಯಾವ ಅಕ್ಷರದಲ್ಲೂ ಒಂದೇ ಬಗೆಯ ಧ್ವನಿ ಕೂಡುತ್ತದೆ ಅನ್ನುವುದು ತಲೆಗೆ ಹೋಗಿರಲಿಲ್ಲ. ಇದನ್ನು ಕಂಡುಹಿಡಿಯುವುದಕ್ಕೆ ಐದು ನಿಮಿಷ ಬೇಡ. ಆದರೆ ಹೇಗೆ ಅಂತ ಯಾರಾದರೂ ಒಮ್ಮೆ ತೋರಿಸಿಕೊಟ್ಟಿರಬೇಕು, ಅಲ್ವಾ?

ಕನ್ನಡ ಓದು ಸುಲಭ, ಬರೆದ ಹಾಗೆ ಓದುತ್ತೇವೆ, ಇಂಗ್ಲಿಷ್ ಥರ ಗೊಂದಲ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ದೊಡ್ಡವರಿಗೆ ಹಾಗೆ ಕಾಣುತ್ತದೆ. ಆರು ವರ್ಷದ ಮಗುವಿನ ಕಣ್ಣಲ್ಲಿ ನೋಡಿ. 49 ಅಕ್ಷರ ಮುಗಿದರೆ ಕೆಲಸ ಮುಗಿಯಲಿಲ್ಲ. ಒಂದೊಂದು ವ್ಯಂಜನಕ್ಕೂ ಗುಣಿತದ ಸಾಲು, ಅದರ ಮೇಲೆ ಒತ್ತಕ್ಷರ. ಕ, ಗಗಳ ಒತ್ತು ಮೂಲ ಅಕ್ಷರದ ಹಾಗೇ ಕಾಣುತ್ತದೆ. ತ, ಮ, ಯ, ರಗಳ ಒತ್ತಿಗೂ ಮೂಲ ಅಕ್ಷರಕ್ಕೂ ಸಂಬಂಧವೇ ಇಲ್ಲದ ಹಾಗೆ ಕಾಣುತ್ತದೆ. ಕೊ, ಕೋ ಬರೆಯುವಾಗ ಚಿಹ್ನೆ ಎರಡು ಮೂರು ಕಡೆ ಹರಡಿಕೊಳ್ಳುತ್ತದೆ. ಅರ್ಕಾವತ್ತು ಬರೆಯುವುದು ಆಮೇಲೆ, ಉಚ್ಚರಿಸುವುದು ಮೊದಲು. ಬ-ಭ, ದ-ಧ, ವ-ಮ, ಪ-ಷ ಎಲ್ಲ ಅಣ್ಣತಮ್ಮಂದಿರ ಹಾಗಿವೆ. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಕನ್ನಡ ಮಾಧ್ಯಮದ ಮಕ್ಕಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಇಂಗ್ಲಿಷ್ ಮಕ್ಕಳು ಅಕ್ಷರ ಗುರುತಿಸಲು ತೆಗೆದುಕೊಳ್ಳುವ ಕಾಲಕ್ಕೆ ಹೋಲಿಸಿದರೆ, ನಮ್ಮ ಮಕ್ಕಳಿಗೆ ಅಕ್ಷರಗಳ ಇಡೀ ಕುಟುಂಬ ಹಿಡಿತಕ್ಕೆ ಬರಲು ಎಷ್ಟೋ ಹೆಚ್ಚು ಕಾಲ ಬೇಕು, ನಾಲ್ಕನೇ ತರಗತಿಯವರೆಗೂ ಅದು ನಡೆಯುತ್ತಲೇ ಇರುತ್ತದೆ. ಒಂದು ಅಕ್ಷರದೊಳಗಿನ ಧ್ವನಿಗಳನ್ನು ಬಿಡಿಸಿ ಕೇಳುವ ಶಕ್ತಿಯೂ ನಿಧಾನಕ್ಕೆ ಬರುತ್ತದೆ. ಇದು ದಡ್ಡತನವಲ್ಲ. ನಮ್ಮ ಲಿಪಿ ಕೇಳುವ ಕಾಲವೇ ಅಷ್ಟು. ಈ ಒಂದು ವಿಷಯ ಗೊತ್ತಿದ್ದರೂ ಎಷ್ಟು ಮಕ್ಕಳು ಎರಡನೇ ತರಗತಿಯಲ್ಲೇ "ಇದಕ್ಕೆ ಓದು ಹತ್ತಲ್ಲ" ಅನ್ನಿಸಿಕೊಳ್ಳುವುದು ತಪ್ಪುತ್ತಿತ್ತೋ.

ಮಕ್ಕಳು ಮಾಡುವ ತಪ್ಪುಗಳನ್ನು ಓದುವುದೇ ಒಂದು ವಿದ್ಯೆ. 'ಹತ್ತಿ'ಯನ್ನು 'ಹತಿ' ಅಂತ ಓದುವ ಮಗು ಒತ್ತನ್ನು ಕಣ್ಣಿಗೇ ಹಾಕಿಕೊಳ್ಳುತ್ತಿಲ್ಲ. ಮೊದಲ ಅಕ್ಷರ ನೋಡಿ, ಚಿತ್ರ ನೋಡಿ ಊಹಿಸುವ ಮಗು ಬೇರೆ. ಪಾಠ ಪೂರ್ತಿ ಬಾಯಿಪಾಠ ಮಾಡಿಕೊಂಡು ಬೆರಳನ್ನು ಸುಮ್ನೆ ಸಾಲಿನ ಮೇಲೆ ಓಡಿಸುವ ಮಗು ಬೇರೆ. ಒಂದೊಂದೇ ಅಕ್ಷರ ಸರಿಯಾಗಿ ಹೇಳುತ್ತಾ ಹೋಗಿ, 'ಹೋಗುತ್ತಿದ್ದಾಗ' ಅನ್ನುವಷ್ಟು ಉದ್ದದ ಪದದ ಕೊನೆಗೆ ಬರುವ ಹೊತ್ತಿಗೆ ಮೊದಲರ್ಧ ಮರೆತುಹೋಗುವ ಮಗು ಮತ್ತೂ ಬೇರೆ. ನಾಲ್ವರಿಗೂ ನಾಲ್ಕು ಥರದ ಸಹಾಯ ಬೇಕು. ನಮ್ಮ ದಾಖಲೆಯಲ್ಲಿ ನಾಲ್ವರೂ 'ಕಲಿಕೆಯಲ್ಲಿ ಹಿಂದುಳಿದವರು' ಅನ್ನುವ ಒಂದೇ ಕಾಲಮ್ಮಿಗೆ ಹೋಗುತ್ತಾರೆ.

ಇನ್ನೊಂದು ವಿಷಯ ನನಗೆ ಬಹಳ ನೋವು ಕೊಡುವಂಥದ್ದು. ನಮ್ಮ ಕಡೆ ಹಳ್ಳಿಯ ಮಗು 'ಹಾಲು' ಅನ್ನುವುದನ್ನು 'ಆಲು' ಅಂತ ಓದುತ್ತದೆ. ಅದು ತಪ್ಪು ಓದಿಲ್ಲ! ಅಕ್ಷರ ಗುರುತಿಸಿದೆ, ಪದ ಗುರುತಿಸಿದೆ, ಅರ್ಥವೂ ಆಗಿದೆ, ತನ್ನ ಮನೆಯ ಮಾತಿನಲ್ಲಿ ಹೇಳಿದೆ ಅಷ್ಟೇ. ಪ್ರತಿ ಸಲ ನಿಲ್ಲಿಸಿ ತಿದ್ದಿದರೆ ಆ ಮಗು ಬಾಯಿ ಬಿಡುವುದನ್ನೇ ನಿಲ್ಲಿಸುತ್ತದೆ. ಕಲಬುರಗಿ ಕಡೆ 'ಹೊಂಟಾನ' ಅನ್ನುವ ಮಗುವಿಗೆ ಪುಸ್ತಕದ 'ಹೋಗುತ್ತಿದ್ದಾನೆ' ಅರ್ಧ ಹೊಸ ಭಾಷೆ. ಮನೆಯಲ್ಲಿ ಲಂಬಾಣಿ, ಉರ್ದು, ತುಳು, ತೆಲುಗು ಆಡುವ ಮಕ್ಕಳಿಗೆ ಪೂರ್ತಿ ಹೊಸ ಭಾಷೆ. ಯಾವುದು ಓದಿನ ತಪ್ಪು, ಯಾವುದು ಮಾತಿನ ಬಗೆ, ಯಾವುದು ಪದವೇ ಗೊತ್ತಿಲ್ಲದ ಕಷ್ಟ ಅಂತ ಬಿಡಿಸಿ ನೋಡುವುದನ್ನು ಶಿಕ್ಷಕರಾಗುವ ಮೊದಲೇ ಕಲಿತಿರಬೇಕು.

ಇಷ್ಟು ದಿನ ನಾವು ಸುಧಾರಣೆಯನ್ನು ಸಾಮಗ್ರಿಯ ಕಡೆಯಿಂದ ಮಾಡಿದ್ದೇವೆ. ನಲಿ-ಕಲಿಯನ್ನೇ ತೆಗೆದುಕೊಳ್ಳಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ ಕಟ್ಟಿದ ಪದ್ಧತಿ ಅದು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅದರಲ್ಲಿ ಅಕ್ಷರ ಕಲಿಸುವುದು ಅ ಆ ಇ ಈ ಕ್ರಮದಲ್ಲಲ್ಲ. ರ, ಗ, ಸ, ದ, ಅ ಇವುಗಳಿಂದ ಶುರು. ಬರೆಯಲು ಹತ್ತಿರದ ಆಕಾರ, ಕಲಿತ ಕೂಡಲೇ ಸರ, ಅರಸ, ಗರಗಸ ಅಂತ ಪದ ಓದಬಹುದು. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ನೋಡಿ. ಅವತ್ತಿನ ಶಿಕ್ಷಕರಿಗೆ 'ಯಾಕೆ' ಅನ್ನುವುದು ಗೊತ್ತಿತ್ತು, ಯಾಕೆಂದರೆ ಅವರೇ ಕಟ್ಟಿದ್ದು. ರಾಜ್ಯವೆಲ್ಲ ಹರಡುವಾಗ ಕಾರ್ಡುಗಳು ಹೋದವು, ಆ 'ಯಾಕೆ' ಹೋಗಲಿಲ್ಲ. ಈಗಿನ ಪ್ರಶಿಕ್ಷಣಾರ್ಥಿಗಳನ್ನು ಕೇಳಿದರೆ "ನಲಿ-ಕಲಿಯಲ್ಲಿ ಹಾಗೇ ಇದೆ ಮೇಡಂ" ಅನ್ನುತ್ತಾರೆ. ಕಾರಣ ಗೊತ್ತಿಲ್ಲದವರು ಮಗು ಒಂದು ಮೆಟ್ಟಿಲಲ್ಲಿ ನಿಂತುಹೋದಾಗ ಅದೇ ಕಾರ್ಡನ್ನು ಮತ್ತೆ ಕೊಡುತ್ತಾರೆ, ಬೇರೆ ದಾರಿ ಹೊಳೆಯುವುದಿಲ್ಲ.

ಯಾದಗಿರಿಯಲ್ಲೂ ಮಹಾರಾಷ್ಟ್ರದ ವಾಡಾದಲ್ಲೂ ಒಂದನೇ ತರಗತಿಯಿಂದ ಮೂರನೇ ತರಗತಿಯವರೆಗೆ ಮಕ್ಕಳನ್ನು ಹಿಂಬಾಲಿಸಿ ಮಾಡಿದ 'ಲಿರಿಲ್' ಅನ್ನುವ ಅಧ್ಯಯನ ಇದೆ, ಶೈಲಜಾ ಮೆನನ್ ಮತ್ತು ಅವರ ತಂಡದ್ದು. ಅಕ್ಷರ ಜೋಡಿಸುವುದನ್ನೇ ಓದು ಅಂದುಕೊಂಡು, ಅರ್ಥ, ಕಥೆ, ಮಾತುಕತೆ ಎಲ್ಲವನ್ನೂ ಆಮೇಲೆ ಅಂತ ಪಕ್ಕಕ್ಕಿಟ್ಟ ತರಗತಿಗಳನ್ನು ಅದು ಹತ್ತಿರದಿಂದ ತೋರಿಸುತ್ತದೆ. ಅಕ್ಷರ ಬೇಡ ಅಂತ ಅದರ ಅರ್ಥ ಖಂಡಿತ ಅಲ್ಲ. ಅಕ್ಷರವನ್ನು ಕ್ರಮವಾಗಿ, ಬಿಡಿಸಿ ಕಲಿಸಲೇಬೇಕು. ಅದರ ಜೊತೆಗೇ ಮೊದಲ ದಿನದಿಂದ ಕಥೆ ಓದಿ ಹೇಳಬೇಕು, ಅದರ ಬಗ್ಗೆ ಮಕ್ಕಳು ಮಾತಾಡಬೇಕು, ತಪ್ಪೋ ಸರಿಯೋ ತಮ್ಮದೊಂದು ಸಾಲು ಬರೆಯಬೇಕು. ಮೂರನೇ ತರಗತಿಗೆ ಬಂದ ಮೇಲೆ ಅರ್ಥ ಕಲಿಸುತ್ತೇವೆ ಅಂದರೆ ಅಷ್ಟರಲ್ಲಿ ಓದು ಅಂದರೆ ಬೇಜಾರು ಅನ್ನುವುದನ್ನು ಮಗು ಕಲಿತಿರುತ್ತದೆ.

ದೇಶದ ಲೆಕ್ಕವೂ ಗೊತ್ತಿರಲಿ. ಹಳ್ಳಿಗಳಲ್ಲಿ ಮಕ್ಕಳ ಕಲಿಕೆಯನ್ನು ಮನೆ ಮನೆಗೆ ಹೋಗಿ ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿಯ ಪ್ರಕಾರ ಸರ್ಕಾರಿ ಶಾಲೆಯ ಮೂರನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ನೂರಕ್ಕೆ 23.4. 2022ರಲ್ಲಿ 16.3 ಇತ್ತು. ಏರಿದ್ದು ಸಂತೋಷವೇ. ಆದರೂ ನಾಲ್ಕರಲ್ಲಿ ಮೂವರಿಗೆ ಬರುತ್ತಿಲ್ಲ.

ಹಾಗಾದರೆ ನೀತಿ ಏನು ಮಾಡಬೇಕು? ಒಂದೇ ಒಂದು ಬದಲಾವಣೆ ಮಾಡಿಸುವ ಅಧಿಕಾರ ನನಗಿದ್ದರೆ ಹೀಗೆ ಮಾಡಿಸುತ್ತಿದ್ದೆ: ಓದಲು ಬಾರದ ಒಂದು ಮಗುವನ್ನಾದರೂ ಕೈಹಿಡಿದು ಓದಿಸಿದ ದಾಖಲೆ ಇಲ್ಲದೆ ಯಾರಿಗೂ ಡಿ.ಎಡ್. ಪ್ರಮಾಣಪತ್ರ ಕೊಡಬಾರದು. ನರ್ಸಿಂಗ್ ಓದುವ ಹುಡುಗಿಯರು ಮೇಲ್ವಿಚಾರಣೆಯಲ್ಲಿ ಹೆರಿಗೆ ಮಾಡಿಸಿ ಕೇಸ್ ಬುಕ್ ತುಂಬಿಸಬೇಕು, ಅಲ್ವಾ? ಅದೇ ರೀತಿ. ಎನ್‌ಸಿಟಿಇಯ 2014ರ ನಿಯಮದಲ್ಲಿ ಡಿ.ಇಎಲ್.ಇಡಿ.ಗೆ 20 ವಾರಗಳ ಶಾಲಾ ಇಂಟರ್ನ್‌ಶಿಪ್ ಈಗಾಗಲೇ ಇದೆ. ಹೊಸದಾಗಿ ಸಮಯ ಹುಡುಕಬೇಕಿಲ್ಲ. ಅದರಲ್ಲಿ ಎಂಟು ವಾರವನ್ನು 1 ಮತ್ತು 2ನೇ ತರಗತಿಗೆ ಮೀಸಲಿಡಿ. ಪ್ರತಿಯೊಬ್ಬರಿಗೂ ಇಬ್ಬರು ಮಕ್ಕಳನ್ನು ಒಪ್ಪಿಸಿ. ಮೊದಲ ದಿನ ಮಗು ಓದಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ, ಎಲ್ಲಿ ತಡವರಿಸಿತು ಬರೆದುಕೊಳ್ಳಲಿ, ದಿನಾ ಅರ್ಧ ಗಂಟೆ ಕೂರಲಿ, ವಾರಕ್ಕೊಮ್ಮೆ ಏನು ಬದಲಿಸಿದೆ, ಯಾಕೆ ಬದಲಿಸಿದೆ ಅಂತ ಬರೆಯಲಿ. ಎಂಟು ವಾರದಲ್ಲಿ ಮಗು ಪೂರ್ತಿ ಓದಲೇಬೇಕು ಅಂತ ನಾನು ಹೇಳುತ್ತಿಲ್ಲ, ಮಕ್ಕಳು ಹಾಗೆ ಗಡಿಯಾರ ನೋಡಿ ಕಲಿಯುವುದಿಲ್ಲ. ಎಲ್ಲಿಂದ ಎಲ್ಲಿಗೆ ಬಂತು, ಕಲಿಸಿದವರು ಏನನ್ನು ಕಂಡುಕೊಂಡರು ಅನ್ನುವುದಕ್ಕೆ ಅಂಕ ಕೊಡಿ. ಈಗ ರೆಕಾರ್ಡ್ ಪುಸ್ತಕದ ಅಂದಕ್ಕೆ ಹೋಗುವ ಅಂಕ ಅಲ್ಲಿಗೆ ಹೋಗಲಿ.

ಇದಕ್ಕೆ ಶಾಲೆಯ ಶಿಕ್ಷಕರ ಪಾತ್ರವೂ ಬದಲಾಗಬೇಕು. ಈಗ ನಮ್ಮ ಕೆಲಸ ಹಾಜರಿಗೆ ಸಹಿ ಹಾಕುವುದು. ಇಂಟರ್ನ್‌ಶಿಪ್ ಅವಧಿಯಲ್ಲಿ ಅನುಭವಿ ನಲಿ-ಕಲಿ ಶಿಕ್ಷಕರನ್ನು ಮಾರ್ಗದರ್ಶಕರು ಅಂತ ಅಧಿಕೃತವಾಗಿ ನೇಮಿಸಿ, ಸಣ್ಣ ಗೌರವಧನ ಕೊಟ್ಟು, ಮೌಲ್ಯಮಾಪನದಲ್ಲಿ ಪಾಲು ಕೊಟ್ಟರೆ ನೋಡಿ ಎಷ್ಟು ಬದಲಾಗುತ್ತದೆ.

ಆಮೇಲೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. ಪೇಪರ್ 1ರಲ್ಲಿ 150 ಪ್ರಶ್ನೆ. ಮೊದಲ ಭಾಷೆಗೆ 30, ಅದರಲ್ಲಿ ಬೋಧನಾ ವಿಧಾನಕ್ಕೆ 15. ಅಭ್ಯರ್ಥಿಗಳು ಏನು ಓದುತ್ತಾರೆ ಅನ್ನುವುದನ್ನು ಪರೀಕ್ಷೆಯೇ ತೀರ್ಮಾನಿಸುತ್ತದೆ. ಈಗ ಕೋಚಿಂಗ್ ಗೈಡ್‌ಗಳಲ್ಲಿ ಇರುವುದು ಪಿಯಾಜೆ, ವೈಗೋಟ್‌ಸ್ಕಿಯಂಥ ಮನಶ್ಶಾಸ್ತ್ರಜ್ಞರ ಹೆಸರುಗಳು, ವ್ಯಾಖ್ಯೆಗಳು. ಅವರನ್ನು ಓದಬಾರದು ಅಂತಲ್ಲ. ಆದರೆ ಒಂದು ಪ್ಯಾರಾ ಕೊಟ್ಟು, ಒಂದು ಮಗು ಅದನ್ನು ಹೀಗೆ ಓದಿತು ಅಂತ ತೋರಿಸಿ, 'ಈ ಮಗುವಿಗೆ ನಾಳೆ ಏನು ಕಲಿಸುತ್ತೀರಿ' ಅಂತ ಕೇಳಬಹುದಲ್ಲ? ನಾಲ್ಕು ಆಯ್ಕೆಯ ಪ್ರಶ್ನೆಯಲ್ಲೂ ಇದನ್ನು ಕೇಳಬಹುದು. ಅಂಥ ಐದಾರು ಪ್ರಶ್ನೆ ಎರಡು ವರ್ಷ ಸತತವಾಗಿ ಬಂದರೆ ಸಾಕು, ಡಿ.ಎಡ್. ಕಾಲೇಜುಗಳ ಪಾಠವೂ ಅತ್ತ ತಿರುಗುತ್ತದೆ.

ಕಲಿಸುವವರಿಗೆ ಕಲಿಸುವವರು ಯಾರು ಅನ್ನುವುದು ಎಲ್ಲಕ್ಕಿಂತ ಕಷ್ಟದ ಭಾಗ. 1986ರ ಶಿಕ್ಷಣ ನೀತಿಯ ನಂತರ ಜಿಲ್ಲೆಗೊಂದು ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಬಂತು. ಒಳ್ಳೆಯ ಕಲ್ಪನೆ ಅದು. ಆದರೆ ಡಯಟ್‌ನಲ್ಲೂ ಖಾಸಗಿ ಕಾಲೇಜುಗಳಲ್ಲೂ ಪಾಠ ಮಾಡುವ ಹೆಚ್ಚಿನವರು ಎಂ.ಎಡ್. ಮಾಡಿ, ಪ್ರೌಢಶಾಲೆಯ ಅನುಭವದಿಂದ ಬಂದವರು. ವಿಷಯ ಬಲ್ಲವರು, ನನಗೆ ಗೌರವವಿದೆ. ಆದರೆ ಒಂದನೇ ತರಗತಿಯ ಕೋಣೆಯಲ್ಲಿ ವರ್ಷಗಟ್ಟಲೆ ಕೂತವರು ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಪ್ರಾಥಮಿಕ ಶಾಲೆಯಲ್ಲಿ ಮಕ್ಕಳನ್ನು ಓದಿಸಿ ಪಳಗಿದ ಶಿಕ್ಷಕರನ್ನು ಮೂರು ವರ್ಷಕ್ಕೆ ಡಯಟ್‌ಗೆ ನಿಯೋಜಿಸಿ ಮತ್ತೆ ತರಗತಿಗೆ ಕಳಿಸುವ ನಿಯಮ ಬೇಕು. ಪದವಿ ಸಾಲದು ಅನ್ನುವುದಾದರೆ ಅವರಿಗೇ ಒಂದು ವಿಶೇಷ ಕೋರ್ಸ್ ಮಾಡಿಸಿ. ಎಂ.ಎಡ್. ಇಲ್ಲ ಅನ್ನುವ ಒಂದೇ ಕಾರಣಕ್ಕೆ ಅವರ ಅನುಭವ ಬಾಗಿಲಾಚೆ ನಿಲ್ಲಬಾರದು.

ಹೊರಗಿನ ಒಂದು ಉದಾಹರಣೆ ಹೇಳಬೇಕು. ಅಮೆರಿಕದ ಬಡ ರಾಜ್ಯಗಳಲ್ಲಿ ಒಂದಾದ ಮಿಸಿಸಿಪ್ಪಿ 2013ರಲ್ಲಿ ಓದಿನ ಬಗ್ಗೆ ಒಂದು ಕಾನೂನು ಮಾಡಿತು. ಚಿಕ್ಕ ತರಗತಿಯ ಶಿಕ್ಷಕರಿಗೆ ಓದು ಕಲಿಸುವ ವಿಜ್ಞಾನದಲ್ಲಿ ದೀರ್ಘ ತರಬೇತಿ ಕೊಟ್ಟಿತು, ತೀರಾ ಹಿಂದುಳಿದ ಶಾಲೆಗಳಿಗೆ ತರಗತಿಯೊಳಗೇ ಬಂದು ಜೊತೆ ಕೂರುವ ಕೋಚ್‌ಗಳನ್ನು ಕಳಿಸಿತು, ಹೊಸದಾಗಿ ಶಿಕ್ಷಕರಾಗುವವರು ಓದು ಕಲಿಸುವ ಜ್ಞಾನದ ಪ್ರತ್ಯೇಕ ಪರೀಕ್ಷೆ ಪಾಸಾಗಬೇಕು ಅಂದಿತು. ರಾಷ್ಟ್ರೀಯ ಪರೀಕ್ಷೆಯಲ್ಲಿ ಅಲ್ಲಿನ ನಾಲ್ಕನೇ ತರಗತಿಯ ಓದಿನ ಸರಾಸರಿ ಅಂಕ 2013ರಲ್ಲಿ 209 ಇದ್ದದ್ದು 2019ರಲ್ಲಿ 219 ಆಯಿತು, ದೇಶದ ಸರಾಸರಿಗೆ ಸಮ. ಆ ಕಾನೂನಿನಲ್ಲಿ ಓದಲು ಬಾರದ ಮಗುವನ್ನು ಮೂರನೇ ತರಗತಿಯಲ್ಲೇ ಉಳಿಸಿಕೊಳ್ಳುವ ನಿಯಮವೂ ಇದೆ. ಅದು ನಮಗೆ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ, ಇಲ್ಲಿ ಹಾಗೆ ಮಾಡಿದರೆ ಮೊದಲು ಶಾಲೆ ಬಿಡುವುದು ಬಡವರ ಮನೆಯ ಮಕ್ಕಳೇ. ಅಕ್ಷರಕ್ಕೆ ಧ್ವನಿ ಜೋಡಿಸಿ ಓದಿಸುವ ಇಂಗ್ಲಿಷಿನ ಫೋನಿಕ್ಸನ್ನು ಕನ್ನಡಕ್ಕೆ ಹಾಗೇ ತಂದು ಹಾಕುವುದೂ ಬೇಡ. ನಾವು ತೆಗೆದುಕೊಳ್ಳಬೇಕಾದದ್ದು ಒಂದೇ: ತಯಾರಿ, ಪರೀಕ್ಷೆ, ಜೊತೆ ಕೂರುವವರು, ಮೂರನ್ನೂ ಒಟ್ಟಿಗೆ ಹಿಡಿದು ಹಲವು ವರ್ಷ ಬಿಡದೆ ನಡೆಸಿದ್ದು.

ನಮ್ಮಲ್ಲಿ ಜೊತೆ ಕೂರಬೇಕಾದವರು ಸಿಆರ್‌ಪಿಗಳು, ಅಂದರೆ ಸುತ್ತಲಿನ ಕೆಲವು ಶಾಲೆಗಳ ಗುಂಪಿಗೆ (ಕ್ಲಸ್ಟರ್) ಒಬ್ಬರಂತೆ ಇರುವ ಸಂಪನ್ಮೂಲ ವ್ಯಕ್ತಿಗಳು. ನಮ್ಮ ಕ್ಲಸ್ಟರಿನ ಸಿಆರ್‌ಪಿ ಸರ್ ಒಳ್ಳೆಯವರು, ಸ್ವತಃ ಒಳ್ಳೆಯ ಮೇಷ್ಟ್ರು. ಆದರೆ ಅವರು ಶಾಲೆಗೆ ಬಂದಾಗ ಕೈಯಲ್ಲಿ ಇರುವುದು ಭರ್ತಿ ಮಾಡಬೇಕಾದ ನಮೂನೆ: ಎಸ್‌ಎಟಿಎಸ್ (ಮಕ್ಕಳ ವಿವರ ತುಂಬುವ ಆನ್‌ಲೈನ್ ವ್ಯವಸ್ಥೆ) ಎಂಟ್ರಿ, ಬಿಸಿಯೂಟ, ಮೊಟ್ಟೆ, ಶೂ, ಸಮವಸ್ತ್ರ. ತರಗತಿಯಲ್ಲಿ ಒಂದು ಪೀರಿಯಡ್ ಪೂರ್ತಿ ಕೂರಲು ಅವರಿಗೆ ಪುರುಸೊತ್ತೇ ಸಿಗುವುದಿಲ್ಲ. ತಿಂಗಳ ಸಮಾಲೋಚನಾ ಸಭೆಯೂ ಸುತ್ತೋಲೆ ಓದುವುದರಲ್ಲಿ ಮುಗಿಯುತ್ತದೆ. ಆ ಸಭೆಯ ಅರ್ಧ ಹೊತ್ತು ಮಕ್ಕಳ ಓದಿನ ರೆಕಾರ್ಡಿಂಗ್ ಕೇಳಿ ಮಾತಾಡುವುದಕ್ಕೆ ಅಂತ ಆದೇಶ ಬಂದರೆ ಅದಕ್ಕಿಂತ ಒಳ್ಳೆಯ, ಖರ್ಚಿಲ್ಲದ ತರಬೇತಿ ಬೇರೆ ಇಲ್ಲ. ದೀಕ್ಷಾ ಆ್ಯಪ್‌ನಲ್ಲಿ ವಿಡಿಯೊ ನೋಡಿ, ಕೊನೆಯ ಪ್ರಶ್ನೆಗಳಿಗೆ ಉತ್ತರ ಒತ್ತಿ, ಪ್ರಮಾಣಪತ್ರ ಇಳಿಸಿಕೊಳ್ಳುವ, ಶಿಕ್ಷಕರ ತರಬೇತಿಗೆಂದು ಮಾಡಿದ ನಿಷ್ಠಾ ಕೋರ್ಸುಗಳನ್ನು ನಾವೆಲ್ಲ ಮಾಡಿದ್ದೇವೆ. ಕೆಲವು ಚೆನ್ನಾಗಿವೆ ಕೂಡ. ಆದರೆ ಮಗುವಿನ ಪಕ್ಕ ಕೂತು ನೋಡುವುದನ್ನು ಸ್ಕ್ರೀನ್ ಕಲಿಸುವುದಿಲ್ಲ.

ಚಿಕ್ಕ ತರಗತಿಗಳಲ್ಲೇ ಎಲ್ಲ ಮಕ್ಕಳಿಗೂ ಓದು, ಲೆಕ್ಕ ಬರಬೇಕು ಅನ್ನುವ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಬಗ್ಗೆ ಒಂದು ಮಾತು. 2021ರ ಜುಲೈನಲ್ಲಿ ಶುರುವಾಯಿತು, ಗುರಿ 2026-27. ಓದು ರಾಷ್ಟ್ರದ ಆದ್ಯತೆ ಆಯಿತಲ್ಲ ಅಂತ ನಾನು ಖುಷಿಪಟ್ಟವಳು. ಮೂರನೇ ತರಗತಿ ಮುಗಿಸುವಾಗ ಮಗು ನಿಮಿಷಕ್ಕೆ 60 ಪದ ಅರ್ಥವಾಗುವಂತೆ ಓದಬೇಕು ಅನ್ನುವ ಗುರಿಯನ್ನು ಗೋಡೆಗೆಲ್ಲ ಅಂಟಿಸಿದ್ದಾರೆ. ಆದರೆ ಪದದ ಲೆಕ್ಕ ಎಲ್ಲ ಭಾಷೆಗೂ ಒಂದೇ ಅಲ್ಲ. ಹಿಂದಿಯಲ್ಲಿ ನಾಲ್ಕು ಬಿಡಿ ಪದವಾಗಿ ಬರುವುದು ಕನ್ನಡದಲ್ಲಿ ಎಷ್ಟೋ ಸಲ ಒಂದೇ ಉದ್ದ ಪದ. 2022ರಲ್ಲಿ ನಡೆದ ರಾಷ್ಟ್ರೀಯ ಬುನಾದಿ ಕಲಿಕಾ ಅಧ್ಯಯನ ಭಾಷೆಗೊಂದು ಬೇರೆ ಬೇರೆ ಅಳತೆ ಇಟ್ಟಿತು, ಅದು ಸರಿಯಾದ ದಾರಿ. ಪ್ರಶಿಕ್ಷಣಾರ್ಥಿಗಳಿಗೆ ಈ ವ್ಯತ್ಯಾಸ ತಿಳಿಸದೆ ಸ್ಟಾಪ್‌ವಾಚ್ ಕೊಟ್ಟರೆ ಅವರು ಮಕ್ಕಳಿಗೆ ವೇಗ ಕಲಿಸುತ್ತಾರೆ, ಓದನ್ನಲ್ಲ.

ಕೊನೆಗೆ ಅತಿಥಿ ಶಿಕ್ಷಕರು, ಅಂದರೆ ಖಾಲಿ ಹುದ್ದೆಗೆ ತಾತ್ಕಾಲಿಕವಾಗಿ ತೆಗೆದುಕೊಳ್ಳುವವರು. ಇವರ ಬಗ್ಗೆ ಯಾವ ನೀತಿ ದಾಖಲೆಯೂ ಜಾಸ್ತಿ ಮಾತಾಡುವುದಿಲ್ಲ, ಆದರೆ ಎಷ್ಟೋ ಶಾಲೆಗಳಲ್ಲಿ ಚಿಕ್ಕ ಮಕ್ಕಳ ಮುಂದೆ ನಿಲ್ಲುವವರು ಅವರೇ. ಹೊಸ ಶಿಕ್ಷಣ ನೀತಿ 2030ರ ಹೊತ್ತಿಗೆ ನಾಲ್ಕು ವರ್ಷದ ಬಿ.ಎಡ್. ಶಿಕ್ಷಕರ ಕನಿಷ್ಠ ಅರ್ಹತೆಯಾಗಿ ಬರಬೇಕು ಅನ್ನುತ್ತದೆ. ಬರಲಿ. ಅದರಿಂದ ಹೊರಬಂದವರು ನಮ್ಮ ಹಳ್ಳಿಗಳಿಗೆ ತಲುಪುವ ಹೊತ್ತಿಗೆ ಇವತ್ತಿನ ಒಂದನೇ ತರಗತಿಯ ಮಗು ಹೈಸ್ಕೂಲಿನ ಹತ್ತಿರ ಇರುತ್ತದೆ. ಅಲ್ಲಿಯವರೆಗೆ ಅತಿಥಿ ಶಿಕ್ಷಕರನ್ನು ಶಾಲೆ ಶುರುವಾಗುವ ಮೊದಲೇ, ಮೇ ತಿಂಗಳಲ್ಲೇ ನೇಮಿಸಿ, ಸಂಬಳ ಕೊಟ್ಟು ಒಂದು ವಾರ ಓದು ಕಲಿಸುವ ತರಬೇತಿ ಕೊಡಬಹುದು. ಕಾಗುಣಿತ ಸಾಲು ಬಿಟ್ಟು ಕೇಳುವುದು, ಒತ್ತಕ್ಷರ ಬಿಡಿಸಿ ತೋರಿಸುವುದು, ಕಥೆ ಗಟ್ಟಿಯಾಗಿ ಓದಿ ಹೇಳುವುದು, ಮಗು ಓದುವಾಗ ಗುರುತು ಹಾಕಿಕೊಳ್ಳುವುದು, ಬೀರುವಿನಲ್ಲಿ ಬೀಗ ಹಾಕಿದ ಪುಸ್ತಕ ಹೊರಗೆ ತೆಗೆಯುವುದು. ಒಂದು ವಾರಕ್ಕೆ ಇಷ್ಟು ಆಗುತ್ತದೆ. ಬ್ಲಾಕಿಗೆ ಹತ್ತು ಜನ ಒಳ್ಳೆಯ ನಲಿ-ಕಲಿ ಶಿಕ್ಷಕರು ಸಿಕ್ಕೇ ಸಿಗುತ್ತಾರೆ, ಹೇಳಿಕೊಡಲು ಅವರನ್ನು ಕರೆಯಿರಿ. ನನ್ನನ್ನು ಕರೆದರೆ ರಜೆಯಲ್ಲೂ ಬರುತ್ತೇನೆ.